ನೆಗ್ಗಿಲ ಕಲ್ಲಿನ ಬಿರುಕು

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಮೊದಲು ಕಣ್ಣಿನ ಆಪರೇಷನ್ ಆಗಲಿ ಎಂದೆ. ಆಮೇಲೆ ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದೆ. ಅದೂ ಮುಗಿದ ಮೇಲೆ ಚಳಿ ಕಳೆಯಲಿ ಎಂದೆ. ಲಂಡನ್ನಿನ ಅಂಚಿನಲ್ಲಿ, ಕ್ರೋಯ್ಡನ್ನಿನ ಈ ಫ್ಲ್ಯಾಟಿನ ಕೆಳಗೆ ಟ್ರಾಮು ತಿರುವಿನಲ್ಲಿ ಕಿರ್ರೆಂದು ಹೊರಳುತ್ತದೆ. ಆ ಸದ್ದು ಕೇಳುತ್ತ ಕುಳಿತರೆ ಒಂದು ಮಧ್ಯಾಹ್ನ ಸಲೀಸಾಗಿ ಕಳೆದುಹೋಗುತ್ತದೆ. ಹಾಗೆ ಎಷ್ಟೋ ಮಧ್ಯಾಹ್ನಗಳನ್ನು ಕಳೆದೆ. ಈಗ ನೆವಗಳು ಮುಗಿದಿವೆ.

ನಾನು ಓದಿದ್ದು ಹೈಸ್ಕೂಲಿನವರೆಗೆ, ಧಾರವಾಡದಲ್ಲಿ. ಆಮೇಲೆ ಒಂದು ಅಣೆಕಟ್ಟಿನ ಕೆಲಸದಲ್ಲಿ ಸಹಾಯಕನಾಗಿ ಸೇರಿದೆ. ಕಾಂಕ್ರೀಟನ್ನು ಸಣ್ಣ ಅಚ್ಚುಗಳಲ್ಲಿ ಎರಕ ಹೊಯ್ಯುವುದು, ನೀರಿನಲ್ಲಿ ನೆನೆಸಿಡುವುದು, ಯಂತ್ರದ ನಡುವೆ ಇಟ್ಟು ಎಷ್ಟು ಭಾರಕ್ಕೆ ಒಡೆಯುತ್ತದೆ ಎಂದು ನೋಡುವುದು. ಹೆಂಡತಿ ನರ್ಸು. ಅವಳಿಗೆ ಲಂಡನ್ನಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ನಾನು ಅವಳ ಹಿಂದೆ ಬಂದೆ. ಹೆಂಡತಿಯ ಹಿಂದೆ ಬಂದ ಗಂಡ ಎಂದು ಊರಿನಲ್ಲಿ ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿತ್ತು. ನಾನು ಅದನ್ನು ಮರೆತೆ ಅಂದುಕೊಂಡಿದ್ದೆ, ಮರೆತಿರಲಿಲ್ಲ. ಫೆಲ್ಥಮ್ಮಿನಲ್ಲಿ ಮನೆ ಹಿಡಿದೆವು. ಕೆಲವು ವರ್ಷ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಎತ್ತಿದೆ. ಕೊನೆಗೆ ನನ್ನ ಕೈಗೆ ಗೊತ್ತಿದ್ದ ಕೆಲಸವೇ ಸಿಕ್ಕಿತು. ಥೇಮ್ಸ್ ನದಿಯ ಹತ್ತಿರ, ಬಂದರುಗಳ ಕಟ್ಟಡ ವಿನ್ಯಾಸ ಮಾಡುವ ಒಂದು ಸಣ್ಣ ಕಂಪನಿಯ ಶೆಡ್ಡು. ಅಲ್ಲಿ ನಾನು ಎರಕದವನು.

ಆ ಕೆಲಸ ಏನೆಂದು ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪು ಏನೆಂದು ತಿಳಿಯುವುದಿಲ್ಲ. ಬಂದರಿನೊಳಗೆ ಹಡಗುಗಳು ಅಲುಗಾಡದೆ ನಿಲ್ಲಲಿ ಎಂದು ಸಮುದ್ರದಲ್ಲಿ ಕಲ್ಲಿನ ಉದ್ದನೆಯ ದಿಬ್ಬ ಕಟ್ಟುತ್ತಾರೆ. ಅಲೆ ಅದಕ್ಕೆ ಬಡಿದು ಸೊರಗಬೇಕು. ಬರೀ ಬಂಡೆಗಳನ್ನು ಸುರಿದರೆ ದೊಡ್ಡ ಅಲೆ ಅವುಗಳನ್ನು ಉರುಳಿಸಿಕೊಂಡು ಹೋಗುತ್ತದೆ. ಅದಕ್ಕೆ ದಿಬ್ಬದ ಮೈಮೇಲೆ ಕಾಂಕ್ರೀಟಿನ ಕಾಲುಳ್ಳ ಕಲ್ಲುಗಳನ್ನು ಹೊದಿಸುತ್ತಾರೆ. ಒಂದರ ಕಾಲು ಇನ್ನೊಂದರ ಸಂದಿಗೆ ಸಿಕ್ಕಿಕೊಳ್ಳಬೇಕು, ನೀರು ನಡುವೆ ನುಗ್ಗಿ ಶಕ್ತಿ ಕಳೆದುಕೊಳ್ಳಬೇಕು. ನಮ್ಮ ಕಡೆಯ ಹೊಲಗಳಲ್ಲಿ ನೆಗ್ಗಿಲ ಮುಳ್ಳು ಇರುತ್ತದಲ್ಲ, ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ನಿಲ್ಲುವಂಥದ್ದು, ಅದೇ ರೂಪ. ಆದರೆ ಒಂದೊಂದು ಒಂದು ಕೋಣೆಯಷ್ಟು ದೊಡ್ಡದು.

ಅದರೊಳಗೆ ಕಬ್ಬಿಣದ ಸರಳು ಹಾಕುವುದಿಲ್ಲ. ಉಪ್ಪುನೀರು ಸರಳನ್ನು ತಿಂದುಬಿಡುತ್ತದೆ. ಹಾಗಾಗಿ ಕಾಂಕ್ರೀಟು ತನ್ನ ಬಲದ ಮೇಲೆಯೇ ನಿಲ್ಲಬೇಕು. ಅದು ಒತ್ತಿದರೆ ತಡೆದುಕೊಳ್ಳುತ್ತದೆ, ಎಳೆದರೆ ಬಿರಿಯುತ್ತದೆ. ಅಲೆ ಬಡಿದಾಗ ಕಲ್ಲು ತೂಗಾಡುತ್ತದೆ, ತೂಗಾಡಿ ಪಕ್ಕದ ಕಲ್ಲಿಗೆ ಕುಟ್ಟುತ್ತದೆ, ಆಗ ಕಾಲು ಮೈಗೆ ಸೇರುವ ಜಾಗದಲ್ಲಿ ಸೀಳುತ್ತದೆ. ಕಾಲು ಸಪೂರ ಮಾಡಿದರೆ ಚೆನ್ನಾಗಿ ಸಿಕ್ಕಿಕೊಳ್ಳುತ್ತದೆ, ಮುರಿಯುತ್ತದೆ. ದಪ್ಪ ಮಾಡಿದರೆ ಮುರಿಯುವುದಿಲ್ಲ, ಸಿಕ್ಕಿಕೊಳ್ಳುವುದೂ ಇಲ್ಲ. ಈ ಎರಡರ ನಡುವೆ ಸರಿಯಾದ ಜಾಗ ಹುಡುಕುವುದೇ ವಿನ್ಯಾಸದವರ ಕೆಲಸ.

ಆ ಜಾಗ ಹುಡುಕಲು ನಮ್ಮ ಶೆಡ್ಡಿಗೆ ಒಬ್ಬ ಹುಡುಗಿ ಬಂದಳು. ವಿಜಯಪುರದವಳು, ಇಲ್ಲಿಯೇ ಎಂಜಿನಿಯರಿಂಗ್ ಮೇಲಿನ ಓದು ಮುಗಿಸಿದವಳು. ಮೊದಲ ದಿನ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ ಮುಂದೆ ಹೋದಳು. ಮಧ್ಯಾಹ್ನ ನನ್ನ ಊಟದ ಡಬ್ಬಿಯ ಕಡೆ ನೋಡಿ ನಿಂತಳು.

"ಅದು ಶೇಂಗಾ ಚಟ್ನಿ ಏನ್ರಿ?"

"ಹೌದವ್ವ. ರೊಟ್ಟಿನೂ ಐತಿ. ಕೂಡು."

"ಅಯ್ಯ, ಮೊದ್ಲ ಹೇಳಬಾರ್ದೇನ್ರಿ ಕಾಕಾ! ಮುಂಜಾನಿಂದ ಇಂಗ್ಲಿಷ್ ಮಾತಾಡಿ ನಾಲಿಗಿ ದಣದೈತಿ."

ಅಂದಿನಿಂದ ನಾನು ಕಾಕಾ. ನನ್ನ ಹೆಂಡತಿ ಅವಳಿಗೆಂದು ಒಂದು ರೊಟ್ಟಿ ಹೆಚ್ಚು ಬಡಿಯತೊಡಗಿದಳು. ಅವಳು ತನ್ನ ಕಲ್ಲಿನ ಚಿತ್ರ ತಂದು ತೋರಿಸಿದಾಗ ನಾನು ನೆಗ್ಗಿಲ ಮುಳ್ಳು ಎಂದೆ. ಅವಳು ನಕ್ಕು, ಅದೇ ಹೆಸರು ಇಟ್ಟುಬಿಟ್ಟಳು. ಕಾಲು ಮೈಗೆ ಸೇರುವ ಮೂಲೆಯನ್ನು ನಾವಿಬ್ಬರೂ ಕಂಕುಳು ಎನ್ನುತ್ತಿದ್ದೆವು. ಅವಳ ವಿಚಾರವೆಲ್ಲ ಆ ಕಂಕುಳಿನಲ್ಲಿತ್ತು. ಎಲ್ಲರೂ ಅಲ್ಲಿ ಚೂಪು ಮೂಲೆ ಬಿಡುತ್ತಿದ್ದರು. ಅವಳು ಅಲ್ಲಿ ಮೆಲ್ಲನೆ ಬಳುಕುವ ತಿರುವು ಕೊಟ್ಟಿದ್ದಳು. ಹಾಗೆ ಮಾಡಿದರೆ ಎಳೆತ ಒಂದೇ ಕಡೆ ಕೂಡಿಕೊಳ್ಳದೆ ಹರಡಿಕೊಳ್ಳುತ್ತದೆ, ಕಾಲನ್ನು ಸಪೂರವಾಗಿಯೇ ಇಡಬಹುದು ಎಂದು ಅವಳ ಲೆಕ್ಕ.

ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಕಲ್ಲುಗಳನ್ನು ಮಾಡಿ, ಅಲೆ ಎಬ್ಬಿಸುವ ತೊಟ್ಟಿಯಲ್ಲಿ ಇಟ್ಟು ನೋಡಿದೆವು. ಕದಲಿದರೆ ಕಾಣಲೆಂದು ಬಣ್ಣ ಹಚ್ಚಿದ ಕಲ್ಲಿನ ಸಾಲುಗಳು ಕದಲದೆ ನಿಂತವು. ಉಳಿದದ್ದು ಬೀಳಿಸುವ ಪರೀಕ್ಷೆ. ಸೊಂಟದೆತ್ತರದ ಒಂದು ಕಲ್ಲನ್ನು ಎರಕ ಹೊಯ್ದು, ಅದರ ಒಂದು ಕಾಲನ್ನು ಸರಪಳಿಯಿಂದ ಮೇಲೆತ್ತಿ, ಕೆಳಗಿನ ಗಟ್ಟಿ ಹಾಸಿನ ಮೇಲೆ ಬಿಡುವುದು. ಪ್ರತಿ ಸಲ ಸ್ವಲ್ಪ ಸ್ವಲ್ಪ ಎತ್ತರ ಹೆಚ್ಚಿಸುವುದು. ಯಾವುದೋ ಬಂದರಿನವರು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಅವಳ ಕಲ್ಲು ನಿಜವಾಗಿ ಸಮುದ್ರಕ್ಕೆ ಇಳಿಯುತ್ತದೆ. ಒಪ್ಪದಿದ್ದರೆ ಹಳೆಯ ರೂಪದ ಕಲ್ಲೇ ಗತಿ, ಅವಳ ವರ್ಷಗಳ ದುಡಿಮೆ ಅಲ್ಲಿಗೆ ಮುಗಿಯಿತು. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ದೊಡ್ಡ ಅಚ್ಚು ಒಂದೇ, ಕಲ್ಲೂ ಒಂದೇ.

ಕಾಂಕ್ರೀಟು ಗಟ್ಟಿಯಾಗುವಾಗ ಒಳಗೊಳಗೇ ಕಾಯುತ್ತದೆ. ದಪ್ಪ ಕಲ್ಲಾದರೆ ಹೊಟ್ಟೆಯಲ್ಲಿ ಬಿಸಿ ಬಹಳ ಹೊತ್ತು ನಿಲ್ಲುತ್ತದೆ. ಅಚ್ಚು ಬೇಗ ತೆಗೆದರೆ ಮೈ ತಣ್ಣಗಾಗಿ ಮುದುಡುತ್ತದೆ, ಹೊಟ್ಟೆ ಮುದುಡುವುದಿಲ್ಲ, ನಡುವೆ ಎಳೆದಾಟವಾಗಿ ಬಿರುಕು ಬಿಡುತ್ತದೆ. ಅದಕ್ಕೇ ಕಲ್ಲಿನೊಳಗೆ ಒಂದು ತಂತಿ ಇಟ್ಟು ಶಾಖ ಅಳೆಯುತ್ತಿದ್ದೆವು. ಒಳಗಿನ ಬಿಸಿ ಹೊರಗಿನ ಚಳಿಗೆ ಹತ್ತಿರ ಬರುವ ತನಕ ಅಚ್ಚು ಮುಟ್ಟಬಾರದು. ಆ ವಾರ ಹಿಮ ಬೀಳುವಂಥ ಚಳಿ. ಶನಿವಾರ ಬಂದು ತಂತಿ ನೋಡಿ ಅಚ್ಚು ತೆಗೆಯಬೇಕು ಎಂದು ಗೊತ್ತುಮಾಡಿಕೊಂಡಿದ್ದೆವು.

ಶನಿವಾರ ನಮ್ಮ ಮನೆಗೆ ಬೀಗರು ಬರುವವರಿದ್ದರು, ಕಿರಿಯ ಮಗಳನ್ನು ನೋಡಲು. ಅಂಥ ದಿನ ಶೆಡ್ಡಿಗೆ ಬಂದು, ಕೈಯೆಲ್ಲ ಸಿಮೆಂಟು ಮಾಡಿಕೊಂಡು, ಎರಡು ಬಸ್ಸು ಹಿಡಿದು ಮನೆಗೆ ಹೋಗಿ ಬೀಗರ ಮುಂದೆ ಕೂಡುವುದು ನನಗೆ ಬೇಡವಾಗಿತ್ತು. ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ ಅಚ್ಚಿನ ಉಕ್ಕಿನ ಮೇಲೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು. ಉಕ್ಕು ತಣ್ಣಗಿದ್ದರೆ ಹೊಟ್ಟೆ ತಣ್ಣಗಿದೆ ಎಂದು ಅರ್ಥವಲ್ಲ, ಅದು ನನಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ತಂತಿಯ ಕಡೆ ನಾನು ನೋಡಲಿಲ್ಲ. ನೋಡಿದರೆ ನಿಲ್ಲಬೇಕಾಗುತ್ತದೆ ಎಂದೇ ನೋಡಲಿಲ್ಲ. ಅಚ್ಚು ಬಿಚ್ಚಿ, ಗೋಣಿ ಹೊದಿಸಿ, ದೀಪ ಆರಿಸಿ ಬಂದೆ. ಬಾಗಿಲ ಸಂದಿಯಿಂದ ಗಾಳಿ ಬೀಸುತ್ತಿತ್ತು.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಬೀಳಿಸುವ ಮುಂಚೆ ಕಲ್ಲಿಗೆ ಬ್ರಷ್ಷಿನಿಂದ ನೀರು ಬಳಿದು ಕಾಯುವುದು ನಮ್ಮ ಪದ್ಧತಿ. ಮೈ ಒಣಗಿ ಬೆಳ್ಳಗಾಗುತ್ತದೆ, ಬಿರುಕು ಇದ್ದರೆ ಅದು ನೀರು ಕುಡಿದು ಕಪ್ಪಗೆ ಉಳಿಯುತ್ತದೆ. ನೋಡಿ "ಕ್ಲೀನ್" ಎಂದು ಹೇಳುವುದು ನನ್ನ ಕೆಲಸ. ನಾನು ಹೇಳಿದ ಮೇಲೆ ಬೇರೆ ಯಾರೂ ನೋಡುತ್ತಿರಲಿಲ್ಲ, ಅಷ್ಟು ನಂಬಿಕೆ ಇಟ್ಟಿದ್ದರು.

ಕಲ್ಲು ಒಣಗಿತು. ಒಂದು ಕಂಕುಳಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿಯಿತು.

ನಾನು ಅಲ್ಲೇ ಒಂದು ಡಬ್ಬದ ಮೇಲೆ ಕುಳಿತೆ. ಅವಳು ಬಂದ ಕೂಡಲೇ ಬದಿಗೆ ಕರೆದು ಹೇಳಬೇಕು ಎಂದುಕೊಂಡೆ. "ಯವ್ವಾ, ನನ್ನಿಂದ ತಪ್ಪಾಗೇತಿ, ಇವತ್ತ ಬೀಳಸೂದು ಬ್ಯಾಡ" ಎಂದು ಮಾತು ಕೂಡ ಜೋಡಿಸಿಟ್ಟುಕೊಂಡೆ. ಇದು ಸತ್ಯ. ಆದರೆ ಈ ಸತ್ಯದಿಂದ ಯಾರಿಗೆ ಏನು ಉಪಯೋಗ?

ಅವಳು ಒಬ್ಬಳೇ ಬರಲಿಲ್ಲ. ಮ್ಯಾನೇಜರು, ಬಂದರಿನ ನಾಲ್ಕಾರು ಜನ, ಎಲ್ಲರೊಡನೆ ನೇರ ಒಳಗೆ ಬಂದಳು. ಅವರ ಮುಂದೆ ಕಲ್ಲಿನ ಬಗ್ಗೆ ಹೇಳುತ್ತ ಹೇಳುತ್ತ ನನ್ನ ಕಡೆ ತಿರುಗಿ, ನನ್ನ ಹೆಸರು ಹಿಡಿದು ಕರೆದಳು. ಹೆಸರು ಕರೆದು, ಕಲ್ಲು ಕ್ಲೀನ್ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಈ ದೇಶದ ರೀತಿಯೇ ಅದು. ಮ್ಯಾನೇಜರು ನನ್ನನ್ನು ಹೆಸರಿನಿಂದ ಕರೆಯುತ್ತಿದ್ದ, ನಾನೂ ಅವನನ್ನು ಹೆಸರಿನಿಂದ ಕರೆಯುತ್ತಿದ್ದೆ. ಮಕ್ಕಳ ವಯಸ್ಸಿನ ಹುಡುಗರು ಕರೆಯುತ್ತಿದ್ದರು, ಒಮ್ಮೆಯೂ ಏನೂ ಅನ್ನಿಸಿರಲಿಲ್ಲ. ಆದರೆ ಕಾಕಾ ಎಂದು ರೊಟ್ಟಿ ತಿಂದ ಬಾಯಿಂದ, ಹೊರಗಿನವರ ಮುಂದೆ, ಬರೀ ನನ್ನ ಹೆಸರು. ನನ್ನ ಹೆಂಡತಿ ಇಷ್ಟು ವರ್ಷದಲ್ಲಿ ಒಂದು ಸಲವೂ ನನ್ನ ಹೆಸರು ಹಿಡಿದವಳಲ್ಲ. ಹೆಂಡತಿಯ ಹಿಂದೆ ಬಂದವನು, ಎರಕದವನು, ಹೈಸ್ಕೂಲಿನವನು, ಎಲ್ಲ ಆ ಒಂದು ಹೆಸರಿನಲ್ಲಿ ಕೇಳಿಸಿತು.

"ಕ್ಲೀನ್" ಎಂದೆ.

ಮೊದಲನೆಯ ಸಲ ಬಿದ್ದಾಗ ಏನೂ ಆಗಲಿಲ್ಲ. ಎರಡನೆಯ ಸಲ, ಯಾವ ಕಲ್ಲೂ ಮುರಿಯದಷ್ಟು ಕಡಿಮೆ ಎತ್ತರದಿಂದ, ಕಾಲು ಕಂಕುಳಿನ ಹತ್ತಿರ ಸೀಳಿ ಬೇರೆಯಾಗಿ ಬಿತ್ತು. ಬಂದರಿನ ಒಬ್ಬ ಮುದುಕ ಮೆಲ್ಲಗೆ, ಕಾಲು ಸಪೂರವಾಯಿತು ಎಂದ. ಅವಳು ಹತ್ತಿರ ಹೋಗಲಿಲ್ಲ, ನಿಂತಲ್ಲೇ ನಿಂತಿದ್ದಳು.

ಒಡೆದ ಮುಖದ ಅಂಚಿನಲ್ಲಿ ಒಂದು ಪಟ್ಟಿ ಒದ್ದೆಯಾಗಿ ಕಪ್ಪಗಿತ್ತು. ನಾನು ಬಳಿದ ನೀರು ಮೊದಲೇ ಇದ್ದ ಬಿರುಕಿನೊಳಗೆ ಹೋಗಿ ನಿಂತಿದ್ದ ಗುರುತು. ಅವಳು ಹತ್ತಿರ ಬಂದು ನೋಡಿದ್ದರೆ, ಈ ಕಲ್ಲು ಬೀಳುವ ಮೊದಲೇ ಒಡೆದಿತ್ತು ಎಂದು ಓದಿಕೊಂಡಂತೆ ಹೇಳಿಬಿಡುತ್ತಿದ್ದಳು. ಅವಳು ಕ್ಯಾಮೆರಾ ತರಲು ಆಫೀಸಿಗೆ ಹೋದಳು. ನಾನು ನೀರಿನ ಪೈಪು ಎಳೆದುಕೊಂಡು, ಧೂಳು ಅಡಗಿಸುವ ನೆವದಲ್ಲಿ, ಇಡೀ ಕಲ್ಲಿನ ಮೇಲೆ ನೀರು ಬಿಟ್ಟೆ. ಅವಳು ಬರುವಷ್ಟರಲ್ಲಿ ಮುಖವೆಲ್ಲ ಒಂದೇ ಬಣ್ಣವಾಗಿತ್ತು.

ಅಚ್ಚು ಬೇಗ ತೆಗೆದದ್ದು ಸೋಮಾರಿತನ. ಕ್ಲೀನ್ ಎಂದದ್ದು ಸಿಟ್ಟು. ಈ ಎರಡಕ್ಕೂ ನಾನು ಏನಾದರೂ ಸಬೂಬು ಹೇಳಿಕೊಳ್ಳಬಲ್ಲೆ. ನೀರು ಬಿಟ್ಟದ್ದಕ್ಕೆ ಇಂದಿನವರೆಗೂ ನನಗೆ ಒಂದು ಸಬೂಬೂ ಸಿಕ್ಕಿಲ್ಲ.

ಮರುದಿನ ಅವಳು ಮತ್ತೆ ಕಾಕಾ ಎಂದೇ ಬಂದಳು. ಹೆಸರು ಕರೆದದ್ದು ಅವಳಿಗೆ ನೆನಪೇ ಇರಲಿಲ್ಲ. ಒಡೆದ ಕಾಲಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೇಳಿದಳು.

"ಕಾಕಾ, ಶನಿವಾರ ಅಚ್ಚು ತಗದಾಗ ಹೊಟ್ಯಾಗ ಬಿಸಿ ಇತ್ತೇನ್ರಿ?"

"ಇಲ್ಲವ್ವ. ತಣ್ಣಗಿತ್ತು."

"ತಂತಿ ನೋಡಿದ್ರಿ?"

"ನೋಡಿದ್ನಲ್ಲ."

"ಹಂಗಾರ ನಂದ ತಪ್ಪು. ಎಲ್ಲಿ ತಪ್ಪಿತು ಅಂತ ಗೊತ್ತಾಗವಲ್ದು."

"ಇರ್ಲಿ ಬಿಡವ್ವ, ಎಲ್ಲಾರ ಲೆಕ್ಕನೂ ಒಮ್ಮೊಮ್ಮೆ ತಪ್ತೈತಿ" ಎಂದು ನಾನೇ ಸಮಾಧಾನ ಹೇಳಿದೆ. ಅವಳು ತಲೆ ಆಡಿಸಿದಳು. ಇನ್ನೊಂದು ಕಲ್ಲು ಎರಕ ಹೊಯ್ಯೋಣ ಎಂದು ಮ್ಯಾನೇಜರನ್ನು ಕೇಳಿಕೊಂಡಳು. ಬಂದರಿನವರು ಕಾಯಲಿಲ್ಲ, ಹಳೆಯ ರೂಪವನ್ನೇ ಆರಿಸಿಕೊಂಡರು. ತನ್ನ ತಿರುವಿನಲ್ಲಿ ದೋಷವಿದೆ ಎಂದು ಅವಳೇ ವರದಿಯಲ್ಲಿ ಬರೆದುಕೊಟ್ಟಳು. ಆ ಬೇಸಿಗೆಯಲ್ಲಿ ಕೆಲಸ ಬಿಟ್ಟಳು. ಕ್ರೋಯ್ಡನ್ನಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಾಳೆ ಎಂದು ಆಮೇಲೆ ಯಾರಿಂದಲೋ ತಿಳಿಯಿತು. ಕೆಲಸ ಬಿಟ್ಟು ಹೋಗುವ ದಿನ, ನಾವು ಕೊಟ್ಟಿದ್ದ ಶೇಂಗಾ ಚಟ್ನಿಯ ಡಬ್ಬಿ ತೊಳೆದು, ಒಳಗೆ ಸಕ್ಕರೆ ತುಂಬಿ, ಮನೆಗೆ ಬಂದು ನನ್ನ ಹೆಂಡತಿಗೆ ಕೊಟ್ಟುಹೋದಳು. ಖಾಲಿ ಡಬ್ಬಿ ತಿರುಗಿ ಕೊಡಬಾರದು ಎಂದು ಅವಳಿಗೆ ಗೊತ್ತಿತ್ತು.

ನಾನು ಕೆಲಸದಿಂದ ನಿವೃತ್ತನಾದ ಮೇಲೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕಾಯಿಪಲ್ಲೆ ಹೆಚ್ಚುತ್ತಿದ್ದವಳು ಈಳಿಗೆ ಬದಿಗಿಟ್ಟಳು.

"ಹೆಸರ ಕರದ್ಲು ಅಂತ?"

"ಹೂಂ."

"ಬಸ್ಸಿನ ಡ್ರೈವರ ಕರದ್ರ ಹಲ್ಲ ಕಿಸೀತೀರಿ. ಆಸ್ಪತ್ರಿಯೊಳಗ ಹುಡುಗ್ಯಾರು ಕರದ್ರ ಯೆಸ್ ಯೆಸ್ ಅಂತೀರಿ. ನಮ್ಮ ಹುಡುಗಿ ಕರದಿದ್ದು ಮಾತ್ರ ಚುಚ್ಚಿತೇನು?"

ನಾನು ಕೆಳಗೆ ಬಿದ್ದಿದ್ದ ಕಾಯಿಪಲ್ಲೆಯ ಸಿಪ್ಪೆ ಆರಿಸತೊಡಗಿದೆ.

"ಹೋಗಿ ಹೇಳ್ರಿ. ನನ್ನ ಮುಂದ ಹೇಳಿದ್ರ ಆ ಹುಡುಗಿಗೆ ಮುಟ್ಟೂದಿಲ್ಲ" ಎಂದು ಮತ್ತೆ ಈಳಿಗೆ ಎಳೆದುಕೊಂಡಳು. ಅಂದು ರಾತ್ರಿ ನನ್ನ ತಾಟಿನ ಮುಂದೆ ಅವಳು ಕೂಡಲಿಲ್ಲ. ಅವಳು ತೀರಿಕೊಳ್ಳುವವರೆಗೆ ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದಳು, "ಹೇಳಿದ್ರೇನು?" ಎಂದು. ಅಷ್ಟೇ, ಏನನ್ನು ಎಂದು ಬಿಡಿಸಿ ಹೇಳುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು.

ಹೆಂಡತಿ ಹೋದ ಮೇಲೆ ಫೆಲ್ಥಮ್ಮಿನ ಮನೆ ಬಿಟ್ಟು ಮಗಳ ಹತ್ತಿರ ಕ್ರೋಯ್ಡನ್ನಿಗೆ ಬಂದೆ. ಆ ಹುಡುಗಿ ಇದೇ ಊರಿನಲ್ಲಿದ್ದಾಳೆ ಎಂದು ಗೊತ್ತಿದ್ದೂ ನಾನು ಹುಡುಕಲಿಲ್ಲ. ಹೋದ ಯುಗಾದಿಗೆ ಇಲ್ಲಿನ ಕನ್ನಡದವರು ಒಂದು ಹಾಲಿನಲ್ಲಿ ಸೇರಿದ್ದೆವು. ವೇದಿಕೆಯ ಮೇಲೆ ಒಬ್ಬ ಹೆಂಗಸು, ಅರ್ಧ ನರೆತ ಕೂದಲು, ಬೆಂಗಳೂರಿನವರ ಹಾಗೆ ಅಚ್ಚುಕಟ್ಟಾಗಿ ಮಾತಾಡುತ್ತಿದ್ದಳು. ಹಿರಿಯರು ತಮ್ಮ ತಮ್ಮ ಕೆಲಸದ ನೆನಪುಗಳನ್ನು ಬರೆದುಕೊಡಬೇಕು, ತಾನು ಅವನ್ನು ಓದಿ, ತಿದ್ದಿ, ಪುಸ್ತಕ ಮಾಡುತ್ತೇನೆ ಎಂದಳು. ಯಾರ ಹೆಸರನ್ನೂ ಹಾಕುವುದಿಲ್ಲ, ಸಂಕೋಚ ಬೇಡ ಎಂದಳು. ಕೆಳಗಿಳಿದು ಬಂದವಳು ನನ್ನನ್ನು ನೋಡಿ ಅಲ್ಲೇ ಕೂಗಿದಳು.

"ಕಾಕಾ! ನೀವ ಹೌದಲ್ರಿ? ಕಾಕೂ ಎಲ್ಲಿ?"

ನಾನು ಮೇಲಕ್ಕೆ ಕೈ ತೋರಿಸಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಪಕ್ಕದಲ್ಲಿದ್ದ ಎತ್ತರದ ಹುಡುಗಿಯನ್ನು ಮುಂದೆ ತಂದಳು. ಅವಳ ಮಗಳು, ಕಾಲೇಜಿಗೆ ಹೋಗುವವಳು.

"ನೋಡ, ನನ್ನ ನೆಗ್ಗಿಲ ಕಲ್ಲು ಎರಕ ಹೊಯ್ದವರು ಇವರ."

ಹುಡುಗಿಗೆ ಕನ್ನಡ ತಿಳಿಯಿತು, ನಕ್ಕಳು. ಅದು ಮುರಿದ ಕಲ್ಲಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ತಮ್ಮ ಮನೆಯಲ್ಲಿ ಕಪ್ಪಿನ ಹಿಡಿ ಮುರಿದರೂ, ಕುರ್ಚಿಯ ಕಾಲು ಮುರಿದರೂ, ಇದನ್ನು ಅಮ್ಮ ವಿನ್ಯಾಸ ಮಾಡಿರಬೇಕು ಎಂದು ಎಲ್ಲರೂ ಹೇಳುತ್ತಾರಂತೆ. ತಾಯಿಯೂ ನಕ್ಕಳು.

"ಹೌದ್ರಿ ಕಾಕಾ, ನಮ್ಮ ಮನ್ಯಾಗ ಅದ ದೊಡ್ಡ ಜೋಕು. ನೀವೂ ಬರೀರಿ. ಮುರದಿದ್ದೂ ಬರೀರಿ, ಮಂದಿ ನಗ್ಲಿ."

ನಾನೂ ನಕ್ಕೆ. ನಗುವುದನ್ನು ಬಿಟ್ಟು ಆಗಲೇ ಹೇಳಬಹುದಾಗಿತ್ತು. ಕೈ ಅವಳ ಕೈಯಲ್ಲೇ ಇತ್ತು. ಸುತ್ತ ಜನ, ಹೋಳಿಗೆಯ ತಟ್ಟೆಗಳು, ಮೈಕಿನಲ್ಲಿ ಯಾರದೋ ಹಾಡು. ಬರೀತೀನವ್ವ ಎಂದು ಹೇಳಿ ಬಂದೆ. ಆಮೇಲೆ ಅವಳು ಮತ್ತೆ ಮತ್ತೆ ಫೋನು ಮಾಡಿದಳು. ಕಣ್ಣಿನ ಆಪರೇಷನ್ನು, ಪರೀಕ್ಷೆ, ಚಳಿ, ಎಲ್ಲ ನೆವಗಳನ್ನೂ ಅವಳಿಗೇ ಹೇಳಿದೆ. ಆರಾಮ ಬರೀರಿ ಎಂದಳು.

ಅಂದರೆ ಈ ಹಾಳೆಗಳನ್ನು ಎಲ್ಲರಿಗಿಂತ ಮೊದಲು ಓದುವವಳು ಅವಳೇ. ಈವರೆಗೆ ಬೇರೆಯವರಿಗೆ ಹೇಳುವ ಹಾಗೆ ಬರೆದೆ, ಹಾಗಾದರೂ ಬರೆಯಲು ಕೈ ಓಡಲಿ ಎಂದು. ಇನ್ನು ನಿನಗೇ ಬರೆಯುತ್ತೇನೆ.

ನಾನು ಅಚ್ಚು ತೆಗೆದದ್ದು ಶನಿವಾರವಲ್ಲ, ಶುಕ್ರವಾರ ಸಂಜೆ. ತಂತಿ ನೋಡಲಿಲ್ಲ. ಸೋಮವಾರ ನೀನು ಬರುವ ಮೊದಲೇ ಕಂಕುಳಿನಲ್ಲಿ ಗೆರೆ ಇತ್ತು, ನಾನು ಕಂಡಿದ್ದೆ. ಒಡೆದ ಮುಖದಲ್ಲಿ ಒದ್ದೆಯ ಪಟ್ಟಿ ಇತ್ತು, ಅದನ್ನು ನಾನೇ ತೊಳೆದೆ. ಆ ಕಲ್ಲು ನಿನ್ನ ತಿರುವಿನಿಂದ ಮುರಿಯಲಿಲ್ಲ. ನಿನ್ನ ಕಲ್ಲು ಆ ದಿನ ಪರೀಕ್ಷೆಗೆ ನಿಲ್ಲಲೇ ಇಲ್ಲ, ನಾನು ನಿಲ್ಲಿಸಿದ್ದು ಒಂದು ಒಡೆದ ಕಲ್ಲನ್ನು. ನಿನ್ನ ಲೆಕ್ಕ ತಪ್ಪು ಎಂದು ಯಾರೂ ಇವತ್ತಿನವರೆಗೆ ತೋರಿಸಿಲ್ಲ, ನೀನೂ ತೋರಿಸಿಲ್ಲ. ಇದನ್ನು ನಿನ್ನ ಮಗಳಿಗೆ ಓದಿ ಹೇಳು, ಅಥವಾ ನಾನೇ ಬಂದು ಹೇಳುತ್ತೇನೆ, ನನ್ನ ಹರಕು ಇಂಗ್ಲಿಷಿನಲ್ಲಿ. ಕುರ್ಚಿಯ ಕಾಲು ಮುರಿದಾಗ ಇನ್ನು ಮೇಲೆ ನನ್ನ ಹೆಸರು ಹೇಳಲಿ. ಹೆಸರು ಹಿಡಿದೇ ಹೇಳಲಿ.

ಇದನ್ನು ಪುಸ್ತಕಕ್ಕೆ ಹಾಕುವುದು, ಬಿಡುವುದು ನಿನಗೆ ಸೇರಿದ್ದು. ಹಾಕಿದರೆ ಒಂದು ಸಾಲನ್ನೂ ಮೃದು ಮಾಡಬೇಡ. ಓದಿದ ಮೇಲೆ ನನಗೆ ಫೋನು ಮಾಡದಿದ್ದರೂ ನಾನು ತಿಳಿದುಕೊಳ್ಳುತ್ತೇನೆ.

ನನ್ನ ಹೆಂಡತಿ ಸಾಯುವವರೆಗೆ ಕೇಳುತ್ತಿದ್ದದ್ದು ನಿನ್ನ ಬಗ್ಗೆ. ಇಷ್ಟು ವರ್ಷ ಕೇಳದೆ ಉಳಿಸಿಕೊಂಡ ಕ್ಷಮೆಯನ್ನು ನಾನು ಈಗ ಕೇಳುತ್ತಿರುವುದು ನಿನ್ನಲ್ಲಿ, ನನ್ನ ಡಬ್ಬಿಯ ರೊಟ್ಟಿ ಹಂಚಿಕೊಂಡು ನನ್ನನ್ನು ಕಾಕಾ ಎಂದು ಕರೆದ ವಿಜಯಪುರದ ಮಗಳಲ್ಲಿ.